ಶಿವಲಿಂಗವ್ವನ ಚಂದ್ರಕಾಳಿ

ದಾಕ್ಷಾಯಿಣಿ ಟ್ರಂಕನ್ನು ಬೋರಲು ಹಾಕಿ ತಳವನ್ನು ಅಂಗೈಯಿಂದ ಬಡಿದಳು. ನುಸಿಗುಳಿಗೆ, ಹಳೆಯ ಕುಪ್ಪಸ, ಮುರಿದ ವಿಭೂತಿ ಗಟ್ಟಿ ನೆಲಕ್ಕೆ ಬಿದ್ದವು. ಬೇಕಾಗಿದ್ದ ಸೀರೆ ಮಾತ್ರ ಬೀಳಲಿಲ್ಲ.

“ಉಮಾ! ಅವ್ವನ ಚಂದ್ರಕಾಳಿ ಎಲ್ಲೈತಿ?”

“ಟ್ರಂಕಿನ್ಯಾಗ ಇರಬೇಕಲ್ರಿ ಅಕ್ಕಾರ,” ಎಂದಳು ಬಾಗಿಲಲ್ಲಿ ನಿಂತಿದ್ದ ಉಮಾಶ್ರೀ. ಅವಳು ಈ ಮನೆಯ ಸೊಸೆ, ದಾಕ್ಷಾಯಿಣಿಯ ತಮ್ಮ ಕುಮಾರಸ್ವಾಮಿಯ ಹೆಂಡತಿ.

“ಇದ್ದಿದ್ರ ನಿನ್ನ ಯಾಕ ಕೇಳ್ತಿದ್ದೆ?”

ಪಡಸಾಲೆಯಲ್ಲಿ ಶಿವಲಿಂಗವ್ವನನ್ನು ಗೋಡೆಗೆ ಆನಿಸಿ ಕೂರಿಸಿ ಹಣೆಗೆ ವಿಭೂತಿ ಬಳಿದಿದ್ದರು. ಬೆಳಗ್ಗೆ ಚಹಾ ಕುಡಿಯಲು ಕೂತವಳು ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿಬಿಟ್ಟಿದ್ದಳು. ಹಿತ್ತಲಲ್ಲಿ ಜಳಕದ ನೀರು ಕಾಯುತ್ತಿತ್ತು. ಜಳಕವಾದ ಮೇಲೆ ಉಡಿಸಲು ತವರುಮನೆಯ ಸೀರೆಯೇ ಬೇಕು. ಹೆಣ್ಣುಮಗಳು ಯಾರ ಮನೆಯಲ್ಲಿ ಬಾಳಿದ್ದರೂ ಮಣ್ಣಿಗೆ ಹೋಗುವುದು ತವರಿನ ಸೀರೆಯಲ್ಲಿ. ಶಿವಲಿಂಗವ್ವನ ತವರಿನಲ್ಲಿ ಈಗ ಸೀರೆ ತರುವವರು ಯಾರೂ ಉಳಿದಿರಲಿಲ್ಲ. ಅವಳ ಅಣ್ಣ ತೀರಿಕೊಳ್ಳುವ ಮುಂಚೆ ತಂದುಕೊಟ್ಟ ಚಂದ್ರಕಾಳಿಯೊಂದಿತ್ತು. ಇಳಕಲ್ಲಿನದು, ಕಪ್ಪು ಒಡಲು, ಕೆಂಪು ಸೆರಗು. “ನಾ ಹೋಗುವಾಗ ಇದನ್ನ ಉಡಸ್ರಿ” ಎಂದು ಆಕೆ ಹೇಳದೆ ಬಿಟ್ಟ ಮನೆ ಉಣಕಲ್ಲಿನಲ್ಲಿ ಇರಲಿಲ್ಲ. ಈಗ ನೋಡಿದರೆ ಆ ಸೀರೆಯೇ ಇಲ್ಲ.

ದೇಶಪಾಂಡೆ ನಗರದಿಂದ ಆಟೋದಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದಿದ್ದ ದಾಕ್ಷಾಯಿಣಿಯ ಅಳು ಈಗ ಎಲ್ಲೋ ಹೋಗಿತ್ತು. ಅವಳು ಉಮಾಶ್ರೀಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಪಂಚಮಿಗೆ ಬಂದಾಗ ನನ್ನ ಹಸಿರು ಸೀರಿ ಇಲ್ಲೇ ಬಿಟ್ಟು ಹೋಗಿದ್ದೆ. ಫೋನ್ ಮಾಡಿದ್ರ ಸಿಗವಲ್ದು ಅಂದಿ. ಇವತ್ತ ಅವ್ವಂದೂ ಸಿಗವಲ್ದು. ಈ ಮನ್ಯಾಗ ಸೀರಿಗೆ ಕಾಲು ಬಂದಾವೇನು?”

ಉಮಾಶ್ರೀ ಬಾಯಿ ತೆರೆಯುವುದರೊಳಗೆ ಪಕ್ಕದ ಮನೆಯ ಕಾವೇರಿ ಒಳಗೆ ಬಂದಿದ್ದಳು. ಕಾವೇರಿಯ ಕಿಟಕಿ ಇವರ ಅಂಗಳದ ಮೇಲೆಯೇ ಇದೆ. ಇಲ್ಲಿ ಒಂದು ಚಮಚ ಬಿದ್ದರೂ ಅಲ್ಲಿ ಕಿಟಕಿ ತೆರೆಯುತ್ತದೆ.

“ದಾಕ್ಷವ್ವಾ, ನಾ ಹೇಳಬಾರದು. ಹೇಳದಿದ್ರ ಜೀವ ತಡೆಯಂಗಿಲ್ಲ. ನಿಮ್ಮಪ್ಪನ ರುಮಾಲು ಹೋತು. ಕುಮಾರನ ಫ್ಯಾಕ್ಟರಿ ಅಂಗಿ ಹೋತು. ನಿನ್ನ ಸೀರಿ ಹೋತು. ಉಟ್ಟು ಬಿಟ್ಟ ಅರಿವಿ ಯಾರು ಒಯ್ತಾರ, ಯಾತಕ್ಕ ಒಯ್ತಾರ, ನೀನ ವಿಚಾರ ಮಾಡು. ಒಂದ ವರ್ಷದಾಗ ಈ ಮನಿಗೆ ಬಂದಿದ್ದು ಕಡಿಮಿ ಐತೇನು?”

ಮಾಟ ಎಂಬ ಮಾತನ್ನು ಅವಳು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಯುಗಾದಿಗೆ ಮನೆಯ ಯಜಮಾನ ಫಕೀರಪ್ಪ ಹೋದ. ಮಳೆ ಹಿಡಿಯುವ ಮೊದಲೇ, ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕುಮಾರಸ್ವಾಮಿ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಪಂಚಮಿ ಮುಗಿದ ವಾರ ಉಮಾಶ್ರೀಯ ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ತಣ್ಣಗಾಯಿತು. ಈಗ ಸಂಕ್ರಮಣ ಇನ್ನೇನು ಬಂತು ಅನ್ನುವಾಗ ಶಿವಲಿಂಗವ್ವ. ಇಷ್ಟೆಲ್ಲ ತಾನಾಗಿಯೇ ಆಗುತ್ತದೆ ಎಂದು ನಂಬಲು ಜನರಿಗೆ ಮನಸ್ಸು ಬರುವುದಿಲ್ಲ, ಯಾರೋ ಮಾಡಿಸಿರಬೇಕು.

“ಮತ್ತ ಇನ್ನೊಂದು,” ಕಾವೇರಿ ದನಿ ಇಳಿಸಿದಳು. “ಇಂಥಾ ವರ್ಷದಾಗ ನಿಮ್ಮವ್ವ ನಗತಿದ್ಲು. ಗಂಡನ್ನ ಕಳಕೊಂಡಾಕಿ, ಮೊಮ್ಮಗು ಕಳಕೊಂಡಾಕಿ, ಶೇಂಗಾ ತಿನ್ಕೋತ ನಗತಿದ್ಲು! ಮಧ್ಯಾಹ್ನ ಆತಂದ್ರ ಸೆರಗಿನ್ಯಾಗ ಏನೋ ಮುಚ್ಕೊಂಡು ಹೊರಗ ಬೀಳ್ತಿದ್ಲು. ತಲಿ ನೆಟ್ಟಗಿದ್ದಾಕಿ ಹಂಗ ಮಾಡ್ತಾಳೇನು? ಯಾರೋ ಏನೋ ತಿನ್ನಿಸ್ಯಾರ.”

ದಾಕ್ಷಾಯಿಣಿ ನಿಧಾನವಾಗಿ ತಮ್ಮನ ಹೆಂಡತಿಯತ್ತ ತಿರುಗಿದಳು. “ಬೆಳಿಗ್ಗೆ ಚಹಾ ಯಾರು ಮಾಡಿದ್ದು?”

ಉಮಾಶ್ರೀ ಹೊಸ್ತಿಲು ದಾಟಿ ಮುಂದೆ ಬಂದಳು. “ನಾನ. ದಿನಾ ನಾನ ಮಾಡ್ತೇನಿ.”

“ಅದನ್ನ ಕೇಳಿದ್ದು.”

“ಅದ ಬೋಗಾಣಿ ಚಹಾ ನಾನೂ ಕುಡದೇನಿ, ನಮ್ಮ ಮನಿಯವರೂ ಕುಡದಾರ. ಇನ್ನೇನು ಕೇಳೂದೈತಿ ಕೇಳ್ರಿ.”

ಪಡಸಾಲೆಯ ಹೆಂಗಸರು ಭಜನೆಯ ನಡುವೆ ಕಿವಿ ಇತ್ತ ಕೊಟ್ಟು ಕೂತಿದ್ದರು. ಈ ಮನೆಯಲ್ಲಿ ಕಳೆದುಹೋದ ಬಟ್ಟೆ ಇನ್ನೊಂದಿತ್ತು. ಅದು ಕಾವೇರಿಗೆ ಗೊತ್ತಿರಲಿಲ್ಲ, ಉಮಾಶ್ರೀ ಯಾರ ಮುಂದೆಯೂ ಹೇಳಿರಲಿಲ್ಲ.

*

ಅದೊಂದು ಕುಂಚಿಗೆ. ಕೂಸಿನ ತಲೆಗೂ ಬೆನ್ನಿಗೂ ಸೇರಿ ಮುಚ್ಚುವಂಥದ್ದು. ಹಳದಿ ಬಟ್ಟೆ ತಂದು, ಅಂಚಿಗೆ ಕೆಂಪು ಕುಚ್ಚು ಕಟ್ಟಿ, ಉಮಾಶ್ರೀ ತಾನೇ ಹೊಲಿದಿದ್ದಳು. ದವಾಖಾನೆಯಿಂದ ಬರಿಗೈಯಲ್ಲಿ ಬಂದ ದಿನ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.

ಶಿವಲಿಂಗವ್ವ ಅವಳನ್ನು ಎಬ್ಬಿಸಿ ಬಿಸಿನೀರು ಎರೆದಳು, ತಲೆ ಒರೆಸಿದಳು. ಒರೆಸುತ್ತ ಅಂದಳು: “ಕೆಟ್ಟದ್ದು ವರ್ಷವ್ವಾ, ನಾವಲ್ಲ. ವರ್ಷ ದಾಟಿ ಹೋಗತೈತಿ.”

ಉಮಾಶ್ರೀಗೆ ಮೈಯೆಲ್ಲ ಉರಿಯಿತು. ಹೊತ್ತವಳು ನಾನು, ಕಳೆದುಕೊಂಡವಳು ನಾನು, ಈಕೆ ಎಷ್ಟು ಸಲೀಸಾಗಿ ಹೇಳುತ್ತಾಳೆ! ಮರುದಿನ ನೋಡಿದರೆ ದಿಂಬಿನ ಕೆಳಗೆ ಕುಂಚಿಗೆ ಇರಲಿಲ್ಲ.

“ಅತ್ತೀ, ಇಲ್ಲಿದ್ದ ಹಳದಿ ಅರಿವಿ ನೋಡೀರೇನು?”

“ಇಲ್ಲವಾ,” ಎಂದಳು ಶಿವಲಿಂಗವ್ವ. ಅನ್ನುವಾಗ ಸೊಸೆಯ ಮುಖ ನೋಡಲಿಲ್ಲ, ಒಲೆಯ ಕಡೆ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

ಉಮಾಶ್ರೀ ತನ್ನಷ್ಟಕ್ಕೆ ತೀರ್ಮಾನಿಸಿದಳು. ಅಪಶಕುನವೆಂದು ಅದನ್ನು ಕೆರೆಗೆ ಎಸೆದು ಬಂದಿದ್ದಾಳೆ. ಕುಂಚಿಗೆ ಅಪಶಕುನವಾದರೆ ಅದನ್ನು ಹೊಲಿದವಳು ಇನ್ನೇನು? ಕೇಳಿ ಜಗಳ ತೆಗೆಯಲಿಲ್ಲ. ಅಂದಿನಿಂದ ಅತ್ತೆಯ ಮುಂದೆ ಚಹಾದ ಕಪ್ಪನ್ನು ಮಾತಿಲ್ಲದೆ ಇಟ್ಟು ಹೋಗುತ್ತಿದ್ದಳು. ಇವತ್ತು ಬೆಳಗ್ಗೆಯೂ ಹಾಗೇ ಇಟ್ಟಿದ್ದಳು. ಇನ್ನು ಕೇಳೋಣವೆಂದರೆ ಹೇಳುವವಳಿಲ್ಲ. ತನ್ನನ್ನು ಅತ್ತೆ ಮನಸ್ಸಿನಲ್ಲಿ ಏನೆಂದುಕೊಂಡು ಹೋದಳೋ ಎಂಬ ಸಂಕಟ, ದಾಕ್ಷಾಯಿಣಿಯ ಮಾತಿಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿತ್ತು.

*

ಅಂಗಳದಲ್ಲಿ ಬಸವಪ್ರಭು ಕಾಕಾ ಹೆಣವನ್ನು ಕೂರಿಸಿ ಒಯ್ಯುವ ಬಿದಿರಿನ ವಿಮಾನಕ್ಕೆ ಬಾಳೆಕಂಬ ಕಟ್ಟಿಸುತ್ತಿದ್ದ. ಫಕೀರಪ್ಪನ ತಮ್ಮ. ಮನೆಯಲ್ಲಿ ಈಗ ಉಳಿದ ಹಿರಿಯನೆಂದರೆ ಅವನೇ.

“ಲಗೂ ಮಾಡ್ರಿ. ಪೂಜಿಗೆ ಅಯ್ಯಾರು ಬರೋ ಹೊತ್ತಾತು. ಇನ್ನೂ ಸೀರಿ ಉಡಸಿಲ್ಲೇನು?”

“ಸೀರಿ ಇದ್ರ ಉಡಸೂಣು, ಕಾಕಾ,” ದಾಕ್ಷಾಯಿಣಿ ಎಲ್ಲರಿಗೂ ಕೇಳುವಂತೆ ಅಂದಳು. “ಮದ್ಲ ಉಮಾನ ಪೆಟಿಗಿ ತಗಸು. ಅಲ್ಲಿ ನೋಡಿ ಮುಂದಿನ ಮಾತು.”

ಉಮಾಶ್ರೀ ಗಂಡನ ಕಡೆ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು ಅವಳಿಗೆ.

ಕುಮಾರಸ್ವಾಮಿ ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ, ತಲೆ ಎತ್ತಲಿಲ್ಲ. “ತಗದು ತೋರಿಸಿಬಿಡು, ಉಮಾ. ಏನ ಆಗತೈತಿ.”

ಅವಳು ಒಳಗೆ ಹೋಗಿ ಪೆಟ್ಟಿಗೆಯನ್ನು ದರದರ ಎಳೆದುಕೊಂಡು ಬಂದು ಅಂಗಳದ ನಡುವೆ ಬೋರಲು ಹಾಕಿದಳು. ಮದುವೆಯ ಸೀರೆ, ದಿನಬಳಕೆಯ ಸೀರೆ, ಒಳಗಿನ ಬಟ್ಟೆಗಳು, ಎಲ್ಲ ಮಣ್ಣಿನ ಮೇಲೆ ಹರಡಿದವು. ಗಂಡಸರು ಮುಖ ತಿರುಗಿಸಿದರು. ಹೆಂಗಸರು ತಿರುಗಿಸಲಿಲ್ಲ. ಚಂದ್ರಕಾಳಿ ಅದರಲ್ಲಿರಲಿಲ್ಲ, ಹಸಿರು ಸೀರೆಯೂ ಇರಲಿಲ್ಲ.

“ಇಷ್ಟು ದಿನ ಮನ್ಯಾಗ ಇಟ್ಕೊಂಡಿರ್ತಾರೇನು?” ಎಂದಳು ಕಾವೇರಿ, ಯಾರಿಗೂ ಅಲ್ಲ ಎಂಬಂತೆ.

*

ದೀಪಾವಳಿಯ ಮುಂಚೆ ಕುಮಾರಸ್ವಾಮಿಯ ನೀಲಿ ಅಂಗಿ ಕಾಣೆಯಾಗಿತ್ತು. ಕಾರ್ಖಾನೆಯ ಯೂನಿಫಾರ್ಮು. ಕಾರ್ಖಾನೆ ಮುಚ್ಚಿ ತಿಂಗಳುಗಳಾದರೂ ಅವನು ಅದನ್ನು ವಾರಕ್ಕೊಮ್ಮೆ ಒಗೆದು, ಇಸ್ತ್ರಿ ಮಾಡಿ, ಗೂಟಕ್ಕೆ ತೂಗುಹಾಕುತ್ತಿದ್ದ. ನಾಳೆ ಕಾರ್ಖಾನೆಯ ಭೋಂಗಾ ಕೂಗಿದರೆ ಹಾಕಿಕೊಂಡು ಓಡಲು ತಯಾರಿರಬೇಕು ಅನ್ನುವ ಹಾಗೆ.

“ನೀನ ಸುಟ್ಟಿ,” ಎಂದ ಹೆಂಡತಿಗೆ. “ಅದನ್ನ ಕಂಡ್ರ ನಿನಗ ಆಗತಿದ್ದಿಲ್ಲ.”

“ಹೌದು, ಆಗತಿದ್ದಿಲ್ಲ. ಆದ್ರ ಮುಟ್ಟಿಲ್ಲ.”

“ಸುಳ್ಳಿ.”

“ನೀವ ಸುಳ್ಳ!”

ಓಣಿಗೆಲ್ಲ ಕೇಳುವಂತೆ ಅವರು ಕಿತ್ತಾಡುವಾಗ ಅಡುಗೆಮನೆಯಿಂದ ನಗು ಕೇಳಿಸಿತು. ಶಿವಲಿಂಗವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. “ಅರಿವಿ ಸಲುವಾಗಿ ಇಷ್ಟ ಒದರಾಡೂವಷ್ಟು ಕಸುವು ಇನ್ನೂ ಐತಿ ಅಂದ್ರ ನೀವು ಬದಕ್ತೀರಿ ಬಿಡ್ರಿ. ನನಗ ಹೆದರಿಕಿ ಇತ್ತು.”

ಕುಮಾರಸ್ವಾಮಿ ಅಂದೇ ತನ್ನ ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡ. ಆಮೇಲೆ ಗಂಡ ಹೆಂಡತಿ ಒಂದು ಕೋಣೆಯಲ್ಲಿ ಮಲಗಲಿಲ್ಲ. ಅವನಿಗೊಂದು ಕಂಬಳಿ, ಅವಳಿಗೊಂದು ಚಾದರ. ತಾಯಿಯ ನಗು ಇಬ್ಬರಿಗೂ ಅನುಮಾನ ಹುಟ್ಟಿಸಿತ್ತು. ಮಗನಿಗೆ, ಅವ್ವ ಹೆಂಡತಿಯ ಕಡೆಗಿದ್ದಾಳೆ ಎಂದು. ಸೊಸೆಗೆ, ಈಕೆ ಒಂದೊಂದೇ ಬಟ್ಟೆಯನ್ನು ಮಗಳ ಮನೆಗೆ ಸಾಗಿಸುತ್ತಿದ್ದಾಳೆ ಎಂದು. ಹಳೆಯ ಅಂಗಿ, ರುಮಾಲು ತೆಗೆದುಕೊಂಡು ದೇಶಪಾಂಡೆ ನಗರದವರು ಏನು ಮಾಡುತ್ತಾರೆ ಎಂದು ಅವಳು ಯೋಚಿಸಲಿಲ್ಲ. ಅನುಮಾನ ಬಂದ ಮೇಲೆ ಅಷ್ಟೆಲ್ಲ ಯೋಚಿಸುವವರು ಯಾರು?

*

ಉಮಾಶ್ರೀ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಗೇಟಿನ ಬಳಿ ಯಾರೋ ಹೋ ಎಂದು ಅತ್ತರು. ಕೆರೆದಂಡೆಯ ಓಣಿಯ ದೇವಕ್ಕ. ತಲೆಯ ಮೇಲೆ ಹಳೆಯ ಧೋತರದಲ್ಲಿ ಕಟ್ಟಿದ ದೊಡ್ಡ ಗಂಟು.

ಕಾವೇರಿ ದಾಕ್ಷಾಯಿಣಿಯ ಮೊಣಕೈ ಹಿಡಿದಳು. “ಈಕೀ ಮನಿಗೇ ದಿನಾ ಹೋಗತಿದ್ಲು ನಿಮ್ಮವ್ವ. ನಾನ ಕಣ್ಣಾರೆ ನೋಡೇನಿ.”

“ಅಲ್ಲೇ ನಿಂದ್ರು!” ದಾಕ್ಷಾಯಿಣಿ ಕೂಗಿದಳು. “ಗಂಟಿನ್ಯಾಗ ಏನೈತಿ?”

“ನಿಮ್ಮವ್ವಂದ ಐತ್ರಿ. ನನ್ನ ಕಡೆ ಇಟ್ಟಿದ್ಲು. ಇನ್ನ ನಾ ಇಟ್ಕೊಂಡು ಏನು ಮಾಡ್ಲಿ?”

“ಒಳಗ ತರಬ್ಯಾಡ. ಅಲ್ಲೇ ಇಳಸು.”

ದೇವಕ್ಕ ಗಂಟನ್ನು ಇಳಿಸಿದಳು. ಅಂಗಳದಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಬಸವಪ್ರಭು ಕಾಕಾ ಧೈರ್ಯವಂತನೇ. ಆದರೂ ವಿಮಾನಕ್ಕೆಂದು ತಂದ ಬಿದಿರುಗಳಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿಕೊಂಡು ದೂರದಿಂದ ಗಂಟನ್ನು ತಿವಿದ. ಗಂಟು ಮೆತ್ತಗೆ ತಗ್ಗಿ ಮತ್ತೆ ಎದ್ದಿತು.

“ಎಂಥಾ ಹುಚ್ಚರವ್ವಾ ನೀವು,” ಎಂದಳು ದೇವಕ್ಕ ಮೂಗು ಒರೆಸಿಕೊಳ್ಳುತ್ತ.

ಉಮಾಶ್ರೀಗೆ ಇನ್ನು ಹೆದರಲು ಏನೂ ಉಳಿದಿರಲಿಲ್ಲ. ಪೆಟ್ಟಿಗೆ ಬೋರಲು ಹಾಕಿದವಳಿಗೆ ಮಾಟದ ಹೆದರಿಕೆಯೇ? ನೇರವಾಗಿ ನಡೆದುಹೋಗಿ, ಕೂತು, ಗಂಟು ಬಿಚ್ಚಿದಳು.

ಒಳಗಿದ್ದದ್ದು ಕೌದಿ.

ಅವಳು ಕೊಡವಿ ಹಾಸಿದಳು. ಇಬ್ಬರು ಆರಾಮವಾಗಿ ಹೊದ್ದು ಮಲಗುವಷ್ಟು ದೊಡ್ಡದು. ಅಂಚಿಗೆ ಫಕೀರಪ್ಪನ ಹಳದಿ ರುಮಾಲು. ಅದರ ಒಳಸುತ್ತಿಗೆ ಹಸಿರು ಸೀರೆಯ ತ್ಯಾಪೆಗಳು. ದಾಕ್ಷಾಯಿಣಿ ತನ್ನ ಸೀರೆಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಒಂದು ಮಗ್ಗುಲಿಗೆ ನೀಲಿ ಅಂಗಿ, ಕಿಸೆಯ ಸಮೇತ. ನಟ್ಟನಡುವೆ ಚಂದ್ರಕಾಳಿಯ ಕಪ್ಪು ಒಡಲು, ಸುತ್ತ ಅದರದೇ ಕೆಂಪು ಸೆರಗು. ಎಲ್ಲದರ ಮೇಲೆ ಬಿಳಿ ದಾರದ ಸಣ್ಣ ಸಣ್ಣ ಹೊಲಿಗೆ ಸಾಲಾಗಿ ಓಡಿತ್ತು.

ಕುಮಾರಸ್ವಾಮಿಯ ಕೈಯಿಂದ ಹಗ್ಗ ಬಿತ್ತು.

“ಹೇಳಿ ಒಯ್ಯಬಾರದಿತ್ತೇನು ಅವ್ವ?” ಎಂದಳು ದಾಕ್ಷಾಯಿಣಿ.

“ಹೇಳಿದ್ರ ಕೊಡತಿದ್ರೇನು ನೀವು?” ಎಂದಳು ದೇವಕ್ಕ. “ಒಬ್ಬೊಬ್ರು ಒಂದೊಂದು ಅರಿವಿ ಅಪ್ಕೊಂಡು ಅತ್ಕೋತ ಕುಂತಾರ ಅಂತಿದ್ಲು. ‘ದೇವಕ್ಕಾ, ಇವನ್ನೆಲ್ಲಾ ಕಸಗೊಂಡು ಕೂಡಿಸಿ ಹೊಲಿದ್ರ ಹೊದಿಕಿ ಆಗತೈತಿ, ಬಿಟ್ರ ಬರೇ ದುಃಖ ಆಗತೈತಿ’ ಅಂದ್ಲು. ಗಂಡ ಹೆಂಡತಿ ಥಂಡಿ ದಿನದಾಗ ಬ್ಯಾರೆ ಬ್ಯಾರೆ ಮಕ್ಕೊಳ್ಳಾಕತ್ತಾರ, ಸಂಕ್ರಮಣಕ್ಕ ಒಂದ ಹೊದಿಕಿ ಕೊಡ್ತೇನಿ ಅಂತ ಗಡಿಬಿಡಿ ಮಾಡತಿದ್ಲು. ಕಣ್ಣು ಕಾಣತಿದ್ದಿಲ್ಲ, ದಾರ ಪೋಣಿಸಿ ಕೊಡಾಕ ನಾನ ಬೇಕು.”

ಉಮಾಶ್ರೀ ಕೌದಿಯ ಮೇಲೆಲ್ಲ ಕಣ್ಣಾಡಿಸುತ್ತಿದ್ದಳು. ಹಳದಿ ಎಂದರೆ ರುಮಾಲಿನದು, ಕುಚ್ಚು ಎಲ್ಲೂ ಇಲ್ಲ. “ನನ್ನದು... ನನ್ನದೊಂದು ಇರಲಿಲ್ಲೇನ್ರಿ ಇದರಾಗ?”

ದೇವಕ್ಕ ಅವಳ ಪಕ್ಕ ಬಂದು ಕೂತಳು. “ನಡುವ ಕೈ ಇಟ್ಟು ನೋಡವಾ. ಕಪ್ಪಿನ ಮ್ಯಾಲೆ.”

ಉಮಾಶ್ರೀ ಚಂದ್ರಕಾಳಿಯ ಮೇಲೆ ಅಂಗೈ ಇಟ್ಟಳು. ಒಳಗೆ, ಪದರುಗಳ ನಡುವೆ, ಏನೋ ದಪ್ಪಗೆ ತಾಕಿತು. ಬೆರಳಿಂದ ತಡವಿದಳು. ತಲೆಯ ದುಂಡು, ಬೆನ್ನಿನ ಉದ್ದ, ತುದಿಗೆ ಕುಚ್ಚಿನ ಸಣ್ಣ ಗಂಟುಗಳು.

“ಮ್ಯಾಲೆ ಹಚ್ಚೂಣೇನು ಅಂತ ಕೇಳಿದೆ. ಬ್ಯಾಡ ಅಂದ್ಲು. ಕಣ್ಣಿಗೆ ಬಿದ್ರ ಉಮಾ ದಿನಾ ಅಳ್ತಾಳ. ಒಳಗಿರ್ಲಿ, ನನ್ನ ತವರಮನಿ ಸೀರಿ ತೆಳಗ ಬೆಚ್ಚಗ ಇರ್ಲಿ ಅಂದ್ಲು.”

ಉಮಾಶ್ರೀ ಕೌದಿಯ ಮೇಲೆ ಬಾಗಿ ಬಿಕ್ಕಿ ಬಿಕ್ಕಿ ಅತ್ತಳು. ದವಾಖಾನೆಯಲ್ಲಿ ಅಳದವಳು, ಮನೆಗೆ ಬಂದೂ ಅಳದವಳು, ಅಷ್ಟು ಜನರ ಮುಂದೆ ನಾಚಿಕೆಬಿಟ್ಟು ಅತ್ತಳು.

ಕಾಕಾ ಗಂಟಲು ಸರಿಮಾಡಿಕೊಂಡ. ಬಿಸಿಲು ಏರುತ್ತಿತ್ತು. “ಆತು, ಸೀರಿ ಸಿಕ್ಕತಲ್ಲ. ತವರಿಂದು ಇದರಾಗ ಐತಿ. ಇದನ್ನ ಮೈಗೆ ಹೊಚ್ಚಿ ಕುಣಿಗೆ ಇಳಸೂಣು. ಆಕಿ ಮಾತೂ ನಡದಂಗಾತು.”

“ಹೌದು,” ಎಂದಳು ದಾಕ್ಷಾಯಿಣಿ. “ಅವ್ವಂದು ಅವ್ವನ ಜೋಡಿ ಹೋಗ್ಲಿ.”

“ಕೊಡಂಗಿಲ್ಲ,” ಎಂದಳು ಉಮಾಶ್ರೀ.

ಸತ್ತವಳಿಗೆ ತವರಿನ ಸೀರೆ ಕೊಡುವುದಿಲ್ಲ ಅನ್ನುವ ಸೊಸೆ! ಕಾವೇರಿ ಹುಬ್ಬೇರಿಸಿ ಸುತ್ತ ನೋಡಿದಳು.

“ಏನಂದಿ?” ದಾಕ್ಷಾಯಿಣಿ ಎದುರಿಗೆ ಬಂದು ನಿಂತಳು. “ಅವ್ವನ ಸೀರಿ ಅದು. ನೀ ಯಾರ ಕೊಡಂಗಿಲ್ಲ ಅನ್ನಾಕ?”

ಉಮಾಶ್ರೀ ದಾಕ್ಷಾಯಿಣಿಯ ಕೈ ಹಿಡಿದು ಕೆಳಗೆ ಕೂರಿಸಿ, ಆ ಕೈಯನ್ನು ಚಂದ್ರಕಾಳಿಯ ನಡುವೆ ಇಟ್ಟಳು. ದಾಕ್ಷಾಯಿಣಿ ಮೊದಲು ಕಸಿದುಕೊಳ್ಳಲು ನೋಡಿದಳು. ಆಮೇಲೆ ಅವಳ ಬೆರಳುಗಳು ತಾವಾಗಿಯೇ ಮೆಲ್ಲಗೆ ಹುಡುಕತೊಡಗಿದವು. ಇಬ್ಬರು ಮಕ್ಕಳನ್ನು ಹೆತ್ತವಳು. ಕುಂಚಿಗೆಯ ಕುಚ್ಚು ಕೈಗೆ ಹತ್ತಿದರೆ ಗೊತ್ತಾಗದೆ ಇರುತ್ತದೆಯೇ?

ಅವಳು ಎದ್ದು ಒಳಗೆ ಹೋಗಿ, ಮಣ್ಣು ಮುಗಿದ ಮೇಲೆ ಜಳಕ ಮಾಡಿ ಉಡಲೆಂದು ಚೀಲದಲ್ಲಿ ತಂದಿದ್ದ ಸೀರೆಯನ್ನು ತಂದಳು. ಕುಂಕುಮ ಬಣ್ಣದ, ಮಡಿಕೆ ಇನ್ನೂ ಸರಿಯಾಗಿ ಬಿಚ್ಚದ ಸೀರೆ.

“ದೀಪಾವಳಿಗೆ ಅವ್ವ ನನಗ ಕೊಟ್ಟಿದ್ದು, ಕಾಕಾ. ನನ್ನ ತವರಮನಿ ಸೀರಿ. ಇದನ್ನ ಉಡಸ್ರಿ.”

“ಹಂಗ ನಡಿತೈತೇನು?” ಕಾವೇರಿ ಕೇಳಿದಳು.

“ಯಾಕ ನಡ್ಯಂಗಿಲ್ಲ?” ಎಂದಳು ದಾಕ್ಷಾಯಿಣಿ. “ನೀ ಒಂಚೂರು ಸರಿ ಅತ್ಲಾಗ. ನೀರು ತರಬೇಕು.”

*

ಶಿವಲಿಂಗವ್ವ ಕುಂಕುಮ ಬಣ್ಣದ ಸೀರೆಯುಟ್ಟು, ಬಾಳೆಕಂಬದ ವಿಮಾನದಲ್ಲಿ ಕೂತು ಉಣಕಲ್ಲಿನ ಓಣಿಗಳನ್ನು ದಾಟಿದಳು. ಫಕೀರಪ್ಪನ ಸಮಾಧಿಯ ಪಕ್ಕದ ಕುಣಿಯಲ್ಲೇ ಕೂರಿಸಿ, ಬಿಲ್ವಪತ್ರೆ ಹಾಕಿ, ಒಬ್ಬೊಬ್ಬರೂ ಹಿಡಿಹಿಡಿ ಮಣ್ಣು ಕೊಟ್ಟರು. ಉಮಾಶ್ರೀ ಮಣ್ಣು ಹಾಕುವಾಗ “ಅತ್ತೀ” ಎಂದಷ್ಟೇ ಅಂದಳು.

ಸಂಜೆಗೆ ಮಂದಿ ಕರಗಿತು. ಜಳಕ ಮಾಡಿದ ದಾಕ್ಷಾಯಿಣಿ ಉಡಲು ಸೀರೆಯಿಲ್ಲದೆ ಉಮಾಶ್ರೀಯದೊಂದನ್ನು ಉಟ್ಟಿದ್ದಳು. ಅದರ ಅಂಚಿಗೆ ಬೆಳಗಿನ ಮಣ್ಣು ಇನ್ನೂ ಹತ್ತಿತ್ತು. ಓಣಿಯವರು ರೊಟ್ಟಿ, ಬೇಳೆ ತಂದಿಟ್ಟು ಹೋಗಿದ್ದರು. ಶಿವಲಿಂಗವ್ವ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿ, ಅದರ ಬೆಳಕಿನಲ್ಲಿ ಕೌದಿ ಹಾಸಿದರು. ಅದರ ಒಂದು ಮೂಲೆ ಇನ್ನೂ ತೆರೆದಿತ್ತು. ಅಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂದು ಹೊಲಿಯುವವರು ಹಾಗೆ ಬಿಡುವುದಿಲ್ಲ. ಆ ಮೂಲೆಯನ್ನು ಸೊಸೆಯ ಕೈಯಿಂದಲೇ ಹೊಲಿಸುತ್ತೇನೆ ಎಂದಿದ್ದಳಂತೆ ಶಿವಲಿಂಗವ್ವ.

ಉಮಾಶ್ರೀ ರೊಟ್ಟಿ ಮುರಿದು ಚೂರನ್ನು ಒಳಗೆ ತುರುಕಿದಳು. ದಾಕ್ಷಾಯಿಣಿ ಮೂಲೆ ಹಿಡಿದಳು.

ಕುಮಾರಸ್ವಾಮಿ ಬಂದು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ಕೊನೆಗೆ ಕೌದಿಯ ಇನ್ನೊಂದು ಮಗ್ಗುಲಿಗೆ ಕೂತ. “ಬೆಳಿಗ್ಗೆ ನಾ ಹಂಗ ಅನ್ನಬಾರದಿತ್ತು.”

“ಅನ್ನಬಾರದಿತ್ತು,” ಎಂದಳು ಉಮಾಶ್ರೀ, ಸೂಜಿಯಿಂದ ಕಣ್ಣೆತ್ತದೆ.

ಅವನ ಕೈ ನೀಲಿ ತ್ಯಾಪೆಯ ಮೇಲೆ ಆಡುತ್ತಿತ್ತು. ಅಭ್ಯಾಸಬಲದಿಂದ ಎರಡು ಬೆರಳು ಕಿಸೆಯೊಳಗೆ ಹೋದವು. ಏನೋ ಚರಚರ ಅಂದಿತು. ಹೊರತೆಗೆದು ಅಂಗೈಯಲ್ಲಿ ಹಿಡಿದು ದೀಪಕ್ಕೆ ತೋರಿಸಿದ.

ಶೇಂಗಾದ ಸಿಪ್ಪೆ. ಕಿಸೆ ತುಂಬ ಶೇಂಗಾದ ಸಿಪ್ಪೆ.

“ಅಯ್ಯ ಅವ್ವಾ!” ಎಂದಳು ದಾಕ್ಷಾಯಿಣಿ. “ಹೊಲ್ಕೋತ ತಿಂದು ಇದರಾಗ ತುಂಬ್ಯಾಳ!”

ಮೊದಲು ಉಮಾಶ್ರೀಗೆ ನಗು ಬಂತು. ತಡೆಯಲು ಹೋಗಿ ಮೂಗಿನಿಂದ ಹೊರಟಿತು. ಅದನ್ನು ಕೇಳಿ ಕುಮಾರಸ್ವಾಮಿ ನಕ್ಕ, ಅವನನ್ನು ನೋಡಿ ದಾಕ್ಷಾಯಿಣಿ. ಅಳುತ್ತ, ಕಣ್ಣೊರೆಸಿಕೊಳ್ಳುತ್ತ, ಮೂವರೂ ಬಿದ್ದು ಬಿದ್ದು ನಕ್ಕರು.

ಪಕ್ಕದ ಮನೆಯ ಕಿಟಕಿ ಮೆಲ್ಲಗೆ ತೆರೆದುಕೊಂಡಿತು.